ರಾಜ ಇರುವ ಭೂತಾನ್‌ನಲ್ಲಿ ಹಳ್ಳಿ ಚುನಾವಣೆ ಹೇಗೆ ನಡೆಯುತ್ತದೆ?

ರಾಜ ಇರುವ ದೇಶದಲ್ಲಿ ಪಂಚಾಯಿತಿ ಥರದ್ದು ಇರುತ್ತಾ, ಗೆವೋಗ್, ಚಿವೋಗ್ ಅಂದರೆ ಏನು ಎಂದು ಕೇಳಿದ್ದೀರಿ. ಇದೆ. ಒಂದೆರಡು ವಿಷಯದಲ್ಲಿ ನಮಗಿಂತ ಬಿಗಿಯಾಗಿಯೇ ಇದೆ.

ಭೂತಾನ್‌ನ ಒಟ್ಟು ಜನಸಂಖ್ಯೆ 2017ರ ಗಣತಿಯಲ್ಲಿ ಏಳು ಲಕ್ಷದ ಮೇಲೆ ಸ್ವಲ್ಪ, ಅಷ್ಟೇ. ಅಷ್ಟಕ್ಕೇ 20 ಜಿಲ್ಲೆ. ಅವರು ಜೊಂಗ್‌ಖಾಗ್ ಅನ್ನುತ್ತಾರೆ. ಅದರ ಕೆಳಗೆ 205 ಗೆವೋಗ್. ಇದನ್ನು ನಮ್ಮ ಗ್ರಾಮ ಪಂಚಾಯಿತಿ ಅಂದುಕೊಳ್ಳಿ. ಗೆವೋಗ್ ಒಳಗಿನ ವಾರ್ಡೇ ಚಿವೋಗ್. ಅಲ್ಲಿಂದ ಗೆದ್ದು ಬರುವವರು ತ್ಶೋಗ್ಪಾ. ಗೆವೋಗ್‌ನ ಮುಖ್ಯಸ್ಥರು ಗುಪ್, ಅವರ ನಂತರದವರು ಮಾಂಗ್ಮಿ. ನಮ್ಮಲ್ಲಿ ಸದಸ್ಯರು ಸೇರಿ ಅಧ್ಯಕ್ಷರನ್ನು ಆರಿಸುತ್ತಾರಲ್ವಾ, ಅಲ್ಲಿ ಗುಪ್‌ಗೆ ಜನರೇ ನೇರವಾಗಿ ಓಟು ಹಾಕುತ್ತಾರೆ. 2002ಕ್ಕೆ ಮೊದಲು ಮನೆಗೊಂದೇ ಓಟು ಇತ್ತು.

ಸ್ಥಳೀಯ ಚುನಾವಣೆಗೆ ಪಕ್ಷದವರು ನಿಲ್ಲುವಂತಿಲ್ಲ. ನಮ್ಮ ಗ್ರಾಮ ಪಂಚಾಯಿತಿಯಲ್ಲೂ ಪಕ್ಷದ ಚಿಹ್ನೆ ಇಲ್ಲ, ನಿಜ. ಆದರೆ ಯಾರು ಯಾವ ಪಕ್ಷ ಅಂತ ಟೀ ಅಂಗಡಿಯ ಹುಡುಗನಿಗೂ ಗೊತ್ತು! ಅಲ್ಲಿ ಅಭ್ಯರ್ಥಿ ಪಕ್ಷದ ಸದಸ್ಯನಾಗಿರಲೇ ಬಾರದು. ವಯಸ್ಸು 25ರಿಂದ 65ರೊಳಗೆ ಇರಬೇಕು. ಜೊಂಗ್‌ಖಾ ಭಾಷೆ ಓದಲು, ಬರೆಯಲು ಬರುತ್ತಾ ಅಂತ ಪರೀಕ್ಷೆಯೂ ಇದೆ. ಇನ್ನು ಬೌದ್ಧ ಭಿಕ್ಷುಗಳಿಗೆ ಓಟೇ ಇಲ್ಲ. ಧರ್ಮ ರಾಜಕೀಯಕ್ಕಿಂತ ಮೇಲಿರಬೇಕು ಅನ್ನುವುದು ಅವರ ಸಂವಿಧಾನದ ಮಾತು.

ನನಗೆ ತುಂಬಾ ಹಿಡಿಸಿದ್ದು ಬೇರೆ. ಒಬ್ಬರೇ ನಿಂತರೆ ನಮ್ಮಲ್ಲಿ 'ಅವಿರೋಧ ಆಯ್ಕೆ' ಅಂತ ಹಾರ ಹಾಕಿ ಮುಗಿಸುತ್ತೇವೆ. ಅಲ್ಲಿ ಆಗಲೂ ಮತದಾನ ನಡೆಯುತ್ತದೆ. 'ಹೌದು' ಅಥವಾ 'ಬೇಡ', ಎರಡರಲ್ಲಿ ಒಂದಕ್ಕೆ ಓಟು. 'ಬೇಡ' ಜಾಸ್ತಿ ಬಂದರೆ ಆ ಒಬ್ಬರೂ ಮನೆಗೆ. ಹಾಗೆ ಸೋತವರೂ ಇದ್ದಾರೆ. ಕುರ್ಚಿ ಖಾಲಿ ಉಳಿಯುತ್ತದೆ, ಮತ್ತೆ ಚುನಾವಣೆ ಮಾಡಬೇಕು.

ತೊಂದರೆಯೂ ಇದೆ. ಹೆಸರು ನೋಂದಣಿ ಆಗಿರುವ ಊರಲ್ಲೇ ಓಟು. ರಾಜಧಾನಿ ಥಿಂಫುವಿನಲ್ಲಿ ವರ್ಷಗಟ್ಟಲೆ ಇದ್ದರೂ ತುಂಬಾ ಜನರ ಓಟು ಇರುವುದು ಹಳ್ಳಿಯಲ್ಲೇ. ಹಾಗಾಗಿ ಅಲ್ಲಿನ ಮೇಯರ್, ಅಂದರೆ ಥ್ರೊಂಪೋನ್, ಆಯ್ಕೆ ಆಗುವುದು ಊರಿನ ಒಂದು ಸಣ್ಣ ಪಾಲಿನ ಜನರಿಂದ.

ನಾನು ಹೋದಾಗ ಸಿಕ್ಕ ಡ್ರೈವರ್ ಪೂರ್ವದ ತ್ರಾಶಿಗಾಂಗ್ ಕಡೆಯವರು. ಗುಡ್ಡಗಾಡಿನ ದಾರಿ, ಬಸ್ಸಿನಲ್ಲಿ ಎರಡು ದಿನ. ಓಟು ಹಾಕಲು ಬಿಡದೆ ಊರಿಗೆ ಹೋಗಿ ಬಂದಿದ್ದರಂತೆ. ಅವರ ಚಿವೋಗ್‌ನಲ್ಲಿ ಒಬ್ಬರೇ ನಿಂತಿದ್ದರು. "ಮತ್ತೆ ಯಾವುದಕ್ಕೆ ಒತ್ತಿದಿರಿ?" ಎಂದೆ. ಸುಮ್ನೆ ನಕ್ಕು ಗೇರ್ ಬದಲಿಸಿದರು.