ಓದುಗರ ಪ್ರಶ್ನೆ: ಕೈಯಾರೆ ತುಂಬಿದ ತೋಟಾ ಒಂದೇ ಕಡೆ ಬೀಳದಿರುವುದೇಕೆ?

ಪ್ರಶ್ನೆ: ನಾನು ಅಮೆರಿಕದ ಮೊಂಟಾನಾದಲ್ಲಿ ನೆಲೆಸಿದ್ದೇನೆ. ವರ್ಷವೂ ಲೈಸೆನ್ಸ್ ಪಡೆದು ಜಿಂಕೆ ಬೇಟೆಗೆ ಹೋಗುತ್ತೇನೆ. ನನ್ನ .30-06 (ತೋಟಾದ ಅಳತೆಯ ಹೆಸರು) ಬೋಲ್ಟ್ ರೈಫಲ್‌ಗೆ ತೋಟಾಗಳನ್ನು ಮನೆಯಲ್ಲೇ ತುಂಬಲು ಆರಂಭಿಸಿದ್ದೇನೆ. 100 ಗಜದಲ್ಲಿ ಮೂರು ಈಡು ಹೊಡೆದಾಗ ಒಮ್ಮೆ 0.7 ಇಂಚಿನ ಗ್ರೂಪ್ (ಹಾಳೆಯ ಮೇಲೆ ಅತಿ ದೂರ ಬಿದ್ದ ಎರಡು ಈಡುಗಳ ನಡುವಿನ ಅಂತರ) ಬಂತು. ಅದೇ ಗುಂಡು, ಅದೇ ಮದ್ದು, ಅದೇ ತೂಕ, ಮರುವಾರ 1.5 ಇಂಚು. ಇದು ಮದ್ದು ತೂಗುವ ತಕ್ಕಡಿಯ ದೋಷವೇ?

ಉತ್ತರ: ತಕ್ಕಡಿಯನ್ನು ಅನುಮಾನಿಸಬೇಕಾಗಿಲ್ಲ. ನಿಮ್ಮ ಎರಡು ಗ್ರೂಪ್‌ಗಳ ನಡುವೆ ವ್ಯತ್ಯಾಸವಿದೆ ಎಂದು ನಂಬುವುದಕ್ಕೇ ಸಾಕಷ್ಟು ಆಧಾರವಿಲ್ಲ. ಸರಾಸರಿ 1.1 ಇಂಚಿನ ಗ್ರೂಪ್ ಕೊಡುವ ರೈಫಲ್ಲೊಂದು, ಏನನ್ನೂ ಬದಲಾಯಿಸದೆಯೇ, ಮೂರು ಈಡುಗಳಲ್ಲಿ ಒಂದು ದಿನ 0.7 ಇಂಚನ್ನೂ ಇನ್ನೊಂದು ದಿನ 1.5 ಇಂಚನ್ನೂ ತೋರಿಸುವುದು ತೀರಾ ಸಾಮಾನ್ಯ. ಹತ್ತು ಈಡುಗಳ ಗ್ರೂಪ್ ಸರಾಸರಿಯಲ್ಲಿ ಮೂರು ಈಡುಗಳದ್ದಕ್ಕಿಂತ ಒಂದೂವರೆ ಪಟ್ಟಿಗೂ ತುಸು ಹೆಚ್ಚೇ ಅಗಲವಾಗಿರುತ್ತದೆ. ಆದರೆ ರೈಫಲ್ಲಿನ ನಿಜವಾದ ಸಾಮರ್ಥ್ಯವನ್ನು ಹೇಳುವುದು ಅದೇ. ಮದ್ದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಪ್ರತಿ ಹಂತಕ್ಕೂ ಮೂರೇ ಈಡು ಹೊಡೆದು, ಅದರಲ್ಲಿ ಚಿಕ್ಕದಾಗಿ ಕಂಡದ್ದನ್ನು ಆರಿಸಿಕೊಳ್ಳುವವರು ಬಹುಪಾಲು ಅದೃಷ್ಟವನ್ನೇ ಆರಿಸಿಕೊಂಡಿರುತ್ತಾರೆ. ಗುರಿಹಾಳೆಯ ಫೋಟೋ ತೆಗೆದು ಗೆಳೆಯರಿಗೆ ಕಳುಹಿಸುವುದಕ್ಕೆ ಅಷ್ಟು ಸಾಕು, ಬೇಟೆಗೆ ಸಾಲದು.

ಮದ್ದಿನ ತೂಕದ ಲೆಕ್ಕವನ್ನೂ ನೋಡಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಿಮ್ಮ ರೈಫಲ್ಲಿನ ತೋಟಾದಲ್ಲಿ 0.1 ಗ್ರೇನ್ ಹೆಚ್ಚುಕಡಿಮೆಯಾದರೆ ಗುಂಡಿನ ವೇಗ ಸೆಕೆಂಡಿಗೆ ಐದಾರು ಅಡಿಯಷ್ಟು ಬದಲಾಗಬಹುದು. ವೇಗದಲ್ಲಿ 30 ಅಡಿಯ ವ್ಯತ್ಯಾಸ ಬಂದರೂ 100 ಗಜದಲ್ಲಿ ಗುಂಡು ಮೇಲೆ ಕೆಳಗೆ ಬೀಳುವ ಅಂತರ ಇಂಚಿನ ಇಪ್ಪತ್ತರಲ್ಲೊಂದು ಪಾಲು. 300 ಗಜದಲ್ಲಿ ಅರ್ಧ ಇಂಚಿನ ಆಸುಪಾಸು. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಸುಮಾರು 8 ಇಂಚು ಅಗಲವಿರುತ್ತದೆ. ಆದ್ದರಿಂದ ಸಾವಿರಾರು ರೂಪಾಯಿ ಬೆಲೆಯ ಹೊಸ ತಕ್ಕಡಿಗಿಂತ, ಒಳ್ಳೆಯ ಇನ್ನೊಂದು ಬಗೆಯ ಗುಂಡಿನ ಡಬ್ಬಿಯನ್ನು ಕೊಂಡು ಪರೀಕ್ಷಿಸುವುದೇ ಮೇಲು. ಗ್ರೂಪ್ ಕಣ್ಣಿಗೆ ಕಾಣುವಷ್ಟು ಸುಧಾರಿಸುವುದು ಸಾಮಾನ್ಯವಾಗಿ ಗುಂಡನ್ನೋ ಮದ್ದಿನ ಬಗೆಯನ್ನೋ ಬದಲಾಯಿಸಿದಾಗಲೇ ಹೊರತು ಮದ್ದನ್ನು 0.2 ಗ್ರೇನ್ ಅತ್ತಿತ್ತ ಮಾಡಿದಾಗಲ್ಲ.

ಗಮನ ಕೊಡಬೇಕಾದದ್ದು ಹಿತ್ತಾಳೆಯ ಕೇಸಿಗೆ, ಅಂದರೆ ಮದ್ದನ್ನು ತುಂಬುವ ಚಿಪ್ಪಿಗೆ. ಒಂದೇ ತಯಾರಕರ, ಅಷ್ಟೇ ಸಲ ಹಾರಿಸಿದ ಕೇಸುಗಳನ್ನು ಒಟ್ಟಿಗಿಡಿ. ಹಾರಿಸಿದ ಕೇಸನ್ನು ಮೊದಲಿನ ಆಕಾರಕ್ಕೆ ತರುವ ಅಚ್ಚಾದ ಡೈಯಲ್ಲಿ ಒತ್ತುವಾಗ ಕೇಸಿನ ಭುಜವನ್ನು (ಕತ್ತಿನ ಕೆಳಗಿನ ಇಳಿಜಾರನ್ನು) ಇಂಚಿನ ಸಾವಿರದ ಒಂದೆರಡು ಪಾಲಿಗಿಂತ ಹೆಚ್ಚು ಹಿಂದಕ್ಕೆ ತಳ್ಳಬೇಡಿ. ಹೆಚ್ಚು ತಳ್ಳಿದರೆ ಕೇಸು ಪ್ರತಿ ಸಲವೂ ಹಿಗ್ಗಿ, ಬುಡದ ಬಳಿ ತೆಳುವಾಗಿ, ಕೊನೆಗೆ ಅಲ್ಲೇ ಸೀಳುತ್ತದೆ. .30-06 ಕೇಸಿನ ಉದ್ದ 2.494 ಇಂಚನ್ನು ಮೀರಬಾರದು, 2.484ಕ್ಕೆ ಕತ್ತರಿಸಿಕೊಳ್ಳುವುದು ವಾಡಿಕೆ. ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಪುಟ್ಟ ಬಟ್ಟಲು) ಕೂರಿಸಿದ ಮೇಲೆ ಬುಡದ ಮೇಲೆ ಬೆರಳಾಡಿಸಿ ನೋಡಿ: ಪ್ರೈಮರ್ ಕೂದಲೆಳೆಯಷ್ಟು ಒಳಗಿರಬೇಕೇ ವಿನಾ ಉಬ್ಬಿರಬಾರದು. ತುಂಬಿದ ಪ್ರತಿಯೊಂದು ತೋಟಾವನ್ನೂ ಬೇಟೆಗೆ ಹೊರಡುವ ಮೊದಲು ಮ್ಯಾಗಜೀನಿನಿಂದಲೇ ಹಾಯಿಸಿ ನೋಡಬೇಕು. ಇದನ್ನು ಶೂಟಿಂಗ್ ರೇಂಜಿನಲ್ಲಿ, ನಳಿಗೆಯನ್ನು ಗುರಿದಿಬ್ಬದ ಕಡೆಗೆ ತಿರುಗಿಸಿಕೊಂಡೇ ಮಾಡಬೇಕು, ಮನೆಯೊಳಗಲ್ಲ.

ಇನ್ನು ಒತ್ತಡದ ವಿಚಾರ. ಈ ತೋಟಾಕ್ಕೆ ಅಮೆರಿಕದ ಉದ್ಯಮ ಒಪ್ಪಿಕೊಂಡ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡ್. ಮದ್ದು ತಯಾರಿಸುವವರ ಕೈಪಿಡಿಯಲ್ಲಿ ಕೊಟ್ಟಿರುವ ಆರಂಭದ ಪ್ರಮಾಣದಿಂದಲೇ ತೊಡಗಿ, ಅದರ ಗರಿಷ್ಠವನ್ನು ಎಂದೂ ದಾಟಬೇಡಿ. ಬೋಲ್ಟ್ (ತೋಟಾ ಹಾಯಿಸಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ಎತ್ತಲು ಬಿಗಿಯಾಗುವುದು, ಪ್ರೈಮರ್ ಚಪ್ಪಟೆಯಾಗುವುದು, ಕೇಸಿನ ಬುಡದಲ್ಲಿ ಹೊಳೆಯುವ ಗುರುತು ಮೂಡುವುದು ಇವೆಲ್ಲ ಮಿತಿ ದಾಟಿದ ಮೇಲೆ ಕಾಣುವ ಲಕ್ಷಣಗಳೇ ಹೊರತು ಮುನ್ಸೂಚನೆಗಳಲ್ಲ. ಗುಂಡನ್ನೋ ಪ್ರೈಮರನ್ನೋ ಬದಲಾಯಿಸಿದರೆ ಮತ್ತೆ ಕೆಳಗಿನಿಂದಲೇ ಆರಂಭಿಸಬೇಕು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ.

ಪ್ರಶ್ನೆ: ಬೇಸಿಗೆಯಲ್ಲಿ ಪರೀಕ್ಷಿಸಿ ಹೊಂದಿಸಿಕೊಂಡ ತೋಟಾ ನವೆಂಬರಿನ ಚಳಿಯಲ್ಲಿ ಬೇರೆ ಕಡೆ ಬೀಳುತ್ತದೆಯೇ? (ಅದೇ ಓದುಗರು)

ಉತ್ತರ: ಚಳಿಯಲ್ಲಿ ಮದ್ದು ನಿಧಾನವಾಗಿ ಉರಿಯುವುದರಿಂದ ವೇಗ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಮದ್ದನ್ನು ಅವಲಂಬಿಸಿದೆ. ಎಚ್4350, ವಾರ್ಗೆಟ್ ಮುಂತಾದ ಮದ್ದುಗಳು ತಾಪಮಾನಕ್ಕೆ ಹೆಚ್ಚು ಸ್ಪಂದಿಸದಂತೆ ರೂಪಿಸಿದವು. ಅಪಾಯವಿರುವುದು ಇದರ ವಿರುದ್ಧ ದಿಕ್ಕಿನಲ್ಲಿ: ಚಳಿಗಾಲದಲ್ಲಿ ಮಿತಿಯ ಅಂಚಿಗೆ ತಂದ ತೋಟಾ, ಬಿಸಿಲಿನಲ್ಲಿ ನಿಲ್ಲಿಸಿದ ಜೀಪಿನಲ್ಲಿ ಕಾದರೆ ಮಿತಿ ಮೀರುತ್ತದೆ. ಬೇಟೆಗಾರನಿಗೆ ಬೇಕಾದದ್ದು ತಣ್ಣಗಿರುವ ನಳಿಗೆಯಿಂದ ಹೊರಡುವ ಮೊದಲ ಈಡು. ಬೇರೆ ಬೇರೆ ದಿನ, ನಳಿಗೆಯ ಎಣ್ಣೆಯನ್ನು ಒರೆಸಿ, ಒಂದೇ ಹಾಳೆಯ ಮೇಲೆ ದಿನಕ್ಕೊಂದೇ ಈಡು ಹೊಡೆಯುತ್ತಾ ಹೋಗಿ. ಹತ್ತು ದಿನಗಳ ನಂತರ ಆ ಹಾಳೆಯಲ್ಲಿ ಕಾಣುವುದೇ ನಿಮ್ಮ ಗ್ರೂಪ್.

ಪ್ರಶ್ನೆ: ಕೊಡಗಿನ ನಮ್ಮ ಮನೆಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. ಖಾಲಿ ತೋಟಾಗಳನ್ನು ನಾವೂ ಮನೆಯಲ್ಲೇ ತುಂಬಿಕೊಳ್ಳಬಹುದೇ? (ಓದುಗರು, ಕೊಡಗು)

ಉತ್ತರ: ವಿನಾಯಿತಿಯ ಬಲದಿಂದ ತುಂಬಿಕೊಳ್ಳುವಂತಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ದೊರೆತಿರುವ, ಸದ್ಯಕ್ಕೆ 2029ರ ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುವ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡಿನ ತಯಾರಿಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿಗೆ ಸೇರುತ್ತದೆ, ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಬೇಟೆಯನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಕೊಡವರ ಕೈಲ್ಪೊಳ್ದ್ ಹಬ್ಬದ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ ರೈಫಲ್ ಹಿಡಿಯುವವರಾದರೆ, ಪರವಾನಗಿಯಿರುವ ಅಂಗಡಿಯಲ್ಲಿ ಒಂದೇ ಬ್ಯಾಚಿನ ತೋಟಾಗಳನ್ನು ಒಟ್ಟಿಗೆ ಕೊಂಡು, ಅನುಮತಿಯಿರುವ ರೇಂಜಿನಲ್ಲಿ ಮೊದಲೇ ಹಾರಿಸಿ ನೋಡಿ, ಸೈಟನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.