ಮಗೂನ ಊರಲ್ಲಿ ಬಿಟ್ಟು ಅಬುಧಾಬಿಗೆ ಬಂದ ತಮ್ಮನಿಗೆ

ತಮ್ಮಾ, ಅಬುಧಾಬಿ ಪಕ್ಕದ ಮುಸಫಾಗೆ ಬಂದು ಎರಡು ತಿಂಗಳಾಯ್ತು, ಊರಲ್ಲಿ ಗಂಡು ಮಗು ಹುಟ್ಟಿದೆ, ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂ) ಹೋಗೋಕೆ ರಜೆ ಇಲ್ಲ, ಮಗೂನ ಎತ್ತಿಕೊಳ್ಳದೇ ಇರೋನು ಎಂಥಾ ಅಪ್ಪ, ಇಲ್ಲಿ ಪೂಜೆಗೆ ಎಲ್ಲಿಗೆ ಹೋಗೋದು ಅಂತ ಕೇಳಿದ್ದೀಯ. ಓದಿ ತುಂಬಾ ಸಂಕಟ ಆಯ್ತು ಕಣಪ್ಪ. ಒಂಬತ್ತು ವರ್ಷದ ಹಿಂದೆ ನಾನು ಬಂದಾಗ ಮಗಳಿಗೆ ಐದು ತಿಂಗಳು, ಮನೆಯವರು ಮಗಳು ಇಲ್ಲಿಗೆ ಬರೋಕೆ ಏಳು ವರ್ಷ ಹಿಡೀತು.

ಪೂಜೆಗೆ ದೂರ ಹೋಗಬೇಕಿಲ್ಲ, ಮುಸಫಾದಲ್ಲೇ ಸಂತ ಪೌಲರ ದೇವಾಲಯ ಇದೆ, 2015ರಲ್ಲಿ ಆಗಿದ್ದು. ಸಿಟಿ ಕಡೆ ಬಂದ್ರೆ ಸಂತ ಜೋಸೆಫರ ಕೆಥೆಡ್ರಲ್. 2022ರ ಜನವರಿಯಿಂದ ಸರ್ಕಾರಿ ರಜೆ ಶನಿವಾರ ಭಾನುವಾರಕ್ಕೆ ಬಂತು, ಅದಕ್ಕೂ ಮುಂಚೆ ನಾವು ಭಾನುವಾರದ ಪೂಜೇನ ಶುಕ್ರವಾರನೇ ನೋಡ್ತಿದ್ವಿ.

ಜ್ಞಾನಸ್ನಾನನ ಮಾತ್ರ ನಿನ್ನ ರಜೆಗೋಸ್ಕರ ಮುಂದೆ ಹಾಕಬೇಡ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಕೊಡಿಸಿ ಅಂತ ಧರ್ಮಸಭೆ ಕಾನೂನೇ ಹೇಳುತ್ತೆ, ತಾಯಿ ಇದ್ದು ಒಪ್ಪಿಗೆ ಕೊಟ್ರೆ ಸಾಕು, ನೀನಿಲ್ಲ ಅಂತ ಅದು ನಿಲ್ಲಲ್ಲ. ಮಗೂಗೆ ಸಿಗಬೇಕಾದ ಕೃಪೆ ನಮ್ಮ ಕಂಪನಿ ಕೈಯಲ್ಲಿಲ್ಲ ಅಂತ ನೆನೆಸಿಕೊಂಡ್ರೆ ನಂಗೆ ಈಗಲೂ ಸಮಾಧಾನ.

ಎಂಥಾ ಅಪ್ಪ ಅಂದ್ಯಲ್ಲ. ನಾನೂ ಕೆಥೆಡ್ರಲ್‌ನಲ್ಲಿ ಯೇಸುವಿನ ಸಾಕುತಂದೆ ಜೋಸೆಫರ ಸ್ವರೂಪದ ಮುಂದೆ ಕೂತು ಇದನ್ನೇ ಕೇಳ್ತಿದ್ದೆ. ಅವರೂ ಪರದೇಶಕ್ಕೆ ಹೋದವರು, ಕನಸಲ್ಲಿ ದೂತ ಬಂದು ಏಳು, ಈಜಿಪ್ಟಿಗೆ ಹೋಗು, ನಾನು ಹೇಳೋವರೆಗೂ ಅಲ್ಲೇ ಇರು ಅಂದಾಗ ರಾತ್ರೋರಾತ್ರಿ ಹೊರಟ್ರು, ಎಷ್ಟು ವರ್ಷ ಅಂತ ಅವರಿಗೂ ಗೊತ್ತಿರಲಿಲ್ಲ. ಆದ್ರೆ ಅವರು ಮಗೂನ ಕರ್ಕೊಂಡು ಹೋದ್ರು, ನಾವು ಬಿಟ್ಟು ಬಂದ್ವಿ, ಇದು ನನ್ನನ್ನ ಬಹಳ ದಿನ ಕೊರೀತು. ಒಂದ್ಸಲ ಪಾಪನಿವೇದನೆಯಲ್ಲಿ ಅತ್ತುಬಿಟ್ಟೆ. ಸ್ವಾಮಿಗಳು ಸಮಾಧಾನ ಏನೂ ಹೇಳಲಿಲ್ಲ, ನಿನ್ನೆ ಮಗಳ ಹತ್ರ ಮಾತಾಡಿದ್ಯಾ ಅಂತ ಕೇಳಿದ್ರು ಅಷ್ಟೇ.

ಮಾತಾಡಿರಲಿಲ್ಲ. ಡ್ಯೂಟಿ ಮುಗಿಸಿ ರೂಮಿಗೆ ಬರೋದು ಎಂಟೂವರೆಗೆ, ಊರಲ್ಲಿ ಆಗ ಹತ್ತು ಗಂಟೆ, ಅವಳು ಮಲಗಿರ್ತಿದ್ಳು. ಮಾರನೇ ದಿನದಿಂದ ಬೆಳಗ್ಗೆ ಐದೂಕಾಲಿಗೇ ಬಸ್ ಬರೋಕೆ ಮುಂಚೆ ಮೆಟ್ಟಿಲ ಮೇಲೆ ಕೂತು ಫೋನ್ ಮಾಡೋಕೆ ಶುರು ಮಾಡಿದೆ, ಅಲ್ಲಿ ಆಗ ಆರೂಮುಕ್ಕಾಲು (ವಾಟ್ಸಾಪ್ ಕಾಲ್ ಇಲ್ಲಿ ಹೋಗಲ್ಲ, ಬೋಟಿಮ್ ಅನ್ನೋ ಆ್ಯಪ್ ಹಾಕ್ಕೋ). ಇಬ್ಬರೂ ಸೇರಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳ್ತಿದ್ವಿ. ಅವಳಿಗೆ ಎರಡೂವರೆ ವರ್ಷ ಆದಾಗ ಶಿಲುಬೆ ಗುರುತು ಹಾಕೋದು ಹೇಳಿಕೊಟ್ಟೆ, ಫೋನಲ್ಲಿ ಎದುರುಬದುರು ತಾನೇ, ನನ್ನ ಕೈ ನೋಡಿಕೊಂಡು ಅವಳು ಎಡಗೈಯಲ್ಲಿ ಕಲಿತುಬಿಟ್ಟಿದ್ಳು, ನಮ್ಮಮ್ಮ ಪೂಜೆಯಲ್ಲಿ ನೋಡಿ ಹೇಳಿದ್ರು. ಆಮೇಲೆ ತಿಂಗಳುಗಟ್ಟಲೆ ಫೋನಲ್ಲಿ ನಾನು ಎಡಗೈಯಲ್ಲೇ ಹಾಕಿದೆ, ಅವಳು ಬಲಗೈ ಎತ್ತಲಿ ಅಂತ. ಜೋಸೆಫರು ಸುವಾರ್ತೆಯಲ್ಲಿ ಒಂದು ಮಾತೂ ಆಡಲ್ಲ ನೋಡು, ಎದ್ದು ಹೋಗಿ ಮಾಡ್ತಾರೆ ಅಷ್ಟೇ, ಅದರ ಅರ್ಥ ಆ ಮೆಟ್ಟಿಲ ಮೇಲೆ ಸ್ವಲ್ಪ ಆಯ್ತು ನಂಗೆ.

ದೇವರು ಕೇಳ್ತಾನಾ ಅಂತಾನೂ ಕೇಳಿದ್ದೀಯ. 2019ರ ಫೆಬ್ರವರಿ 5ಕ್ಕೆ ಪೋಪ್ ಫ್ರಾನ್ಸಿಸ್ ಇಲ್ಲಿ ಝಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಪೂಜೆ ಕೊಟ್ರು, ಮನೆಯವರಿಂದ ದೂರ ಇರೋದು ನಿಮಗೆ ಸುಲಭ ಅಲ್ಲ, ಆದ್ರೆ ಪ್ರಭು ಕೈಬಿಡಲ್ಲ ಅಂದ್ರು. ಸಂತ ಅಂತೋಣಿಯವರ ಕಥೆ ಹೇಳಿದ್ರು, ನಮ್ಮ ಪಾದುವಾದವರಲ್ಲ, ಈಜಿಪ್ಟಿನ ಮರಳುಗಾಡಲ್ಲಿದ್ದ ತಪಸ್ವಿ. ಕಷ್ಟ ಎಲ್ಲಾ ಮುಗಿದ ಮೇಲೆ ಅವರು ಪ್ರಭುವೇ ಎಲ್ಲಿದ್ರಿ, ಮೊದಲೇ ಯಾಕೆ ಬರಲಿಲ್ಲ ಅಂತ ಕೇಳ್ತಾರೆ, ಇಲ್ಲೇ ಇದ್ದೆ ಅಂತ ಉತ್ತರ ಬರುತ್ತೆ. ನೀನೂ ಹಾಗೇ ಜಗಳ ಆಡಿ ಕೇಳು, ಸಂತರೇ ಕೇಳಿದ್ದಾರೆ, ತಪ್ಪೇನಿಲ್ಲ.

ಜ್ಞಾನಸ್ನಾನದ ದಿನ ಗೊತ್ತಾದ ತಕ್ಷಣ ಹೇಳು. ಅವತ್ತು ನಿನ್ನ ರೂಮಿಗೆ ಬರ್ತೀನಿ, ಮೇಣದಬತ್ತಿ ನಾನು ತರ್ತೀನಿ, ನೀನು ಫೋನ್ ಫುಲ್ ಚಾರ್ಜ್ ಮಾಡಿಟ್ಟಿರು.