ಸೀಬೆ ಎಲೆಯ ಕಷಾಯ ಕುಡಿದರೆ ಭೇದಿ ಹತೋಟಿಗೆ ಬರುವುದು ಹೇಗೆ?

ಎಲೆಯ ಒಗರೇ ಮುಖ್ಯ ಕಾರಣ. ಸೀಬೆ, ಅಂದರೆ ಪೇರಲೆ ಮರದ ಎಲೆಯಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಜಾಸ್ತಿ. ಒಂದು ಚಿಗುರೆಲೆ ಅಗಿದು ನೋಡಿ, ನಾಲಿಗೆ ಒಣಗಿ ಬಾಯಿ ಬಿಗಿದ ಹಾಗಾಗುತ್ತದೆ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಹೀಗೆ. ಕರುಳಿನ ಒಳಪದರದ ಮೇಲೂ ಅದು ಹೀಗೇ ಕೆಲಸ ಮಾಡಿ, ನೀರು ಸೋರುವುದನ್ನು ತಗ್ಗಿಸುತ್ತದೆ. ಜೊತೆಗೆ ಎಲೆಯಲ್ಲಿರುವ ಕ್ವೆರ್ಸೆಟಿನ್ ಎಂಬ ಇನ್ನೊಂದು ವಸ್ತು ಕರುಳಿನ ಸ್ನಾಯುಗಳ ಸೆಳೆತವನ್ನು ಸಡಿಲಿಸುತ್ತದೆ. ಹೊಟ್ಟೆ ನುಲಿಯುವುದು ಕಡಿಮೆಯಾಗುವುದಕ್ಕೆ ಅದು ಕಾರಣ.

ಸೀಬೆಯ ತವರು ಅಮೆರಿಕ ಖಂಡದ ಉಷ್ಣವಲಯ. ಮರ ಹೋದ ಕಡೆಗೆಲ್ಲ ಈ ಮದ್ದೂ ಹೋಗಿದೆ. ಒಸಡು ಊದಿದಾಗ ಬಾಯಿ ಮುಕ್ಕಳಿಸುವುದಕ್ಕೂ ಇದೇ ಕಷಾಯ, ಅಲ್ಲೂ ಅದೇ ಒಗರು.

ಆದರೆ ಭೇದಿಯಲ್ಲಿ ನಿಜವಾದ ಅಪಾಯ ಮೈಯಿಂದ ನೀರು, ಉಪ್ಪು ಹೋಗುವುದು. ಕಷಾಯ ಅದನ್ನು ತುಂಬಿಕೊಡುವುದಿಲ್ಲ, ಓಆರ್‌ಎಸ್ ಬೇಕೇ ಬೇಕು. ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮಗು ಸುಸ್ತಾದರೆ ಸುಮ್ನೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ಮಾತು: ಕಬ್ಬಿಣಾಂಶದ ಮಾತ್ರೆಯ ಜೊತೆ ಇದನ್ನು ಕುಡಿಯಬೇಡಿ. ಟ್ಯಾನಿನ್ ಕಬ್ಬಿಣಕ್ಕೂ ಅಂಟಿಕೊಂಡು, ಅದು ಮೈಗೆ ಹತ್ತದ ಹಾಗೆ ಮಾಡುತ್ತದೆ.